ದಂಡಿಸುವ ಹಕ್ಕು ಕೈತಪ್ಪಿದ ಮೇಲೆ

ಅಮೆರಿಕದ ಆಗ್ನೇಯ ಭಾಗದಲ್ಲಿ, ಇಂದಿನ ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳಿರುವ ಕಡೆ, ಮಸ್ಕೋಗಿ ಎಂಬ ಬುಡಕಟ್ಟಿನವರು ನೆಲೆಸಿದ್ದರು. ಹಳ್ಳ ತೊರೆಗಳ ದಂಡೆಯಲ್ಲಿ ಊರು ಕಟ್ಟಿಕೊಂಡಿದ್ದ ಇವರನ್ನು ಇಂಗ್ಲಿಷರು ಕ್ರೀಕ್ ಜನ ಎಂದು ಕರೆದರು. 1825ರ ಆರಂಭದಲ್ಲಿ ಈ ಬುಡಕಟ್ಟಿನ ಕಟ್ಟಳೆಗಳನ್ನು ಚಿಲ್ಲಿ ಮೆಕಿಂಟಾಷ್ ಎಂಬಾತ ಇಂಗ್ಲಿಷಿನಲ್ಲಿ ಬರೆದಿಟ್ಟ. ವ್ಯಾಕರಣದಲ್ಲಿ ಅಲ್ಲಲ್ಲಿ ಎಡವಿದ ಇಂಗ್ಲಿಷ್ ಅದು. ಆ ಕಟ್ಟಳೆಗಳ ನಡುವೆ ಅತ್ಯಾಚಾರದ ಬಗ್ಗೆ ಒಂದು ಕಲಮು ಬರುತ್ತದೆ. ಹೆಣ್ಣನ್ನು ಬಲಾತ್ಕರಿಸಿದವನಿಗೆ ಯಾವ ಶಿಕ್ಷೆಯಾದರೆ ತನಗೆ ಸಮಾಧಾನ ಎಂಬುದನ್ನು ಆ ಹೆಣ್ಣೇ ಹೇಳಬೇಕು; ಛಡಿಯೇಟೋ, ದಂಡ ತೆರಿಸುವುದೋ, ಅವಳು ಹೇಳಿದ್ದೇ ಕಾನೂನು ಎಂಬುದು ಅದರ ಸಾರ.

ಈ ಕಲಮಿನ ಬೆಲೆ ತಿಳಿಯಬೇಕಾದರೆ ಅದೇ ಕಾಲದಲ್ಲಿ ನೆರೆಯ ಬಿಳಿಯರ ನಡುವೆ ಇದ್ದ ಕಾನೂನನ್ನು ನೋಡಬೇಕು. ಅಲ್ಲಿ ಅತ್ಯಾಚಾರಕ್ಕೆ ಒಳಗಾದವಳು ಬರೀ ಒಬ್ಬ ಸಾಕ್ಷಿ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಪ್ರತಿಭಟಿಸಿದೆ ಎಂದು ಅವಳೇ ರುಜುವಾತು ಮಾಡಬೇಕಿತ್ತು. ಗಂಡ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದರೆ ಅದು ಅಪರಾಧವೇ ಆಗಿರಲಿಲ್ಲ. ಗುಲಾಮ ಹೆಂಗಸರ ಪಾಡಂತೂ ಹೇಳುವುದೇ ಬೇಡ. 1859ರಲ್ಲಿ ಮಿಸಿಸಿಪ್ಪಿ ರಾಜ್ಯದ ಉನ್ನತ ನ್ಯಾಯಾಲಯ ಒಬ್ಬ ಗುಲಾಮ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಅಂಥದೊಂದು ಅಪರಾಧ ಕಾನೂನಿನಲ್ಲೇ ಇಲ್ಲವೆಂದು ಶಿಕ್ಷೆಯನ್ನು ರದ್ದುಮಾಡಿತು.

ಮಸ್ಕೋಗಿಗಳ ಕಟ್ಟಳೆ ಆ ಲೆಕ್ಕದಲ್ಲಿ ಎಷ್ಟೋ ಮುಂದಿತ್ತು. ಅದಾಗಿ ಇನ್ನೂರು ವರ್ಷ ಕಳೆದಿವೆ. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಮೂಲನಿವಾಸಿ ಮಹಿಳೆಯರಲ್ಲಿ ಶೇ 56.1 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾರೆ. ಹೆಣ್ಣಿನ ಮಾತಿಗೆ ಶಾಸನದ ಬೆಲೆ ಕೊಟ್ಟಿದ್ದ ಜನರ ನಡುವೆ ಈ ಸ್ಥಿತಿ ಹೇಗೆ ಬಂತು? ಬಡತನ, ಕುಡಿತ, ಹಳೆಯ ಕಟ್ಟುಪಾಡುಗಳ ಸಡಿಲಿಕೆ ಎಂದು ಕಾರಣ ಕೊಡುವವರಿದ್ದಾರೆ. ಅವೆಲ್ಲ ಪೂರ್ತಿ ಸುಳ್ಳಲ್ಲ. ಆದರೆ ಕಾನೂನಿನ ಚರಿತ್ರೆ ಇನ್ನೊಂದು ಕಾರಣವನ್ನು ತೋರಿಸುತ್ತದೆ. ಅಪರಾಧಿಯನ್ನು ಹಿಡಿದು ವಿಚಾರಿಸುವ ಅಧಿಕಾರವನ್ನು ಬುಡಕಟ್ಟುಗಳ ಕೈಯಿಂದ ಹಂತಹಂತವಾಗಿ ತೆಗೆಯಲಾಯಿತು. ಅವರ ಜಾಗದಲ್ಲಿ ನ್ಯಾಯ ಕೊಡಬೇಕಾದವರು ಬಹುಮಟ್ಟಿಗೆ ಬರಲೇ ಇಲ್ಲ.

ತಾಯಿಯ ಮನೆಯ ಬಲ

ಶಾಲೆಯ ಪುಸ್ತಕಗಳಲ್ಲಿ ನಾವು 'ರೆಡ್ ಇಂಡಿಯನ್ನರು' ಎಂದು ಓದಿದ ಜನ ಒಂದೇ ಸಮುದಾಯದವರಲ್ಲ. ಇಂದಿಗೂ ಅಮೆರಿಕ ಸರ್ಕಾರದ ಮಾನ್ಯತೆ ಪಡೆದ ಬುಡಕಟ್ಟುಗಳ ಸಂಖ್ಯೆ 570ಕ್ಕೂ ಹೆಚ್ಚು. ಭಾಷೆ, ಆಚಾರ, ಕಟ್ಟಳೆ ಎಲ್ಲದರಲ್ಲೂ ಭಿನ್ನತೆಯಿದೆ. ಆದ್ದರಿಂದ 'ಬುಡಕಟ್ಟಿನ ಕಾನೂನು' ಎಂದು ಒಂದೇ ಗೆರೆ ಎಳೆಯಲು ಬರುವುದಿಲ್ಲ.

ಆದರೂ ಮಸ್ಕೋಗಿ, ಚೆರೋಕಿ, ನವಾಹೊ, ಇರೋಕ್ವಾ ಮುಂತಾದ ಹಲವು ಬುಡಕಟ್ಟುಗಳಲ್ಲಿ ಒಂದು ಸಮಾನ ಅಂಶವಿತ್ತು. ನಮ್ಮ ಕರಾವಳಿಯ ಅಳಿಯಕಟ್ಟಿನಂತೆ ಅಲ್ಲೂ ಕುಲ ನಡೆಯುತ್ತಿದ್ದುದು ತಾಯಿಯ ಕಡೆಯಿಂದ. ಚೆರೋಕಿಗಳಲ್ಲಿ ಮನೆ ಹೆಂಗಸಿನದು. ಮದುವೆಯಾದ ಗಂಡಸು ಅವಳ ಮನೆಗೆ ಬಂದು ಇರುತ್ತಿದ್ದ. ಹೆಣ್ಣಿಗೆ ಅನ್ಯಾಯವಾದರೆ ಅವಳ ಅಣ್ಣತಮ್ಮಂದಿರು, ಸೋದರಮಾವಂದಿರು ಕೂಗಳತೆಯಲ್ಲೇ ಇರುತ್ತಿದ್ದರು. ಅವಳ ಪರವಾಗಿ ಕೇಳುವುದು ಅವರ ಪಾಲಿಗೆ ಕುಲದ ಕರ್ತವ್ಯವಾಗಿತ್ತು. ಇರೋಕ್ವಾಗಳಲ್ಲಿ ಮುಖಂಡರನ್ನು ಆರಿಸುವ, ತಪ್ಪಿ ನಡೆದವನನ್ನು ಕೆಳಗಿಳಿಸುವ ಅಧಿಕಾರ ಕುಲದ ಹಿರಿಯ ತಾಯಂದಿರಿಗಿತ್ತು.

ಈ ಜನರೊಡನೆ ಯುದ್ಧ ಮಾಡಿದವರೇ ಬರೆದಿಟ್ಟ ಸಾಕ್ಷ್ಯವೂ ಇದೆ. 1676ರಲ್ಲಿ ಮ್ಯಾಸಚೂಸೆಟ್ಸ್‌ನ ಲ್ಯಾಂಕಾಸ್ಟರ್ ಊರಿನ ಮೇಲೆ ದಾಳಿಯಾದಾಗ ಸೆರೆಸಿಕ್ಕ ಮೇರಿ ರೋಲಂಡ್ಸನ್ ಎಂಬ ಪಾದ್ರಿಯ ಹೆಂಡತಿ ಹನ್ನೊಂದು ವಾರ ಅವರ ವಶದಲ್ಲಿದ್ದಳು. 1682ರಲ್ಲಿ ಪ್ರಕಟವಾದ ಅವಳ ಅನುಭವ ಕಥನದಲ್ಲಿ ಸೆರೆಹಿಡಿದವರ ಬಗ್ಗೆ ಬೈಗುಳಕ್ಕೆ ಕೊರತೆಯಿಲ್ಲ. ಆದರೆ ತನ್ನ ಮಾನಕ್ಕೆ ಕೈ ಹಾಕುವ ಪ್ರಯತ್ನವನ್ನು ಅವರಲ್ಲಿ ಒಬ್ಬನೂ ಮಾಡಲಿಲ್ಲವೆಂದು ಅವಳು ಸ್ಪಷ್ಟವಾಗಿ ಹೇಳುತ್ತಾಳೆ. 1779ರಲ್ಲಿ ಇರೋಕ್ವಾಗಳ ಮೇಲೆ ದಂಡೆತ್ತಿ ಹೊರಟಿದ್ದ ಜನರಲ್ ಜೇಮ್ಸ್ ಕ್ಲಿಂಟನ್ ಕೂಡ ಒಂದು ಪತ್ರದಲ್ಲಿ, ಈ 'ಅನಾಗರಿಕರು' ಸೆರೆಯಾದ ಹೆಂಗಸರ ಶೀಲವನ್ನು ಕೆಡಿಸುವವರಲ್ಲ ಎಂದು ಬರೆದು, ತನ್ನ ಸೈನಿಕರು ಅವರಿಗಿಂತ ಕೀಳಾಗಿ ನಡೆಯಬಾರದೆಂಬ ಸೂಚನೆ ಕೊಟ್ಟಿದ್ದ. ಇದಕ್ಕೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ. ಸೆರೆಯಾದ ಹೆಣ್ಣನ್ನು ಮುಂದೆ ಯಾವುದಾದರೂ ಕುಟುಂಬ ಮಗಳಾಗಿ ಸ್ವೀಕರಿಸುವ ಪದ್ಧತಿಯಿತ್ತು. ನಾಳೆ ತಂಗಿಯಾಗಬಹುದಾದವಳನ್ನು ಇಂದು ಮುಟ್ಟುವುದು ರಕ್ತಸಂಬಂಧ ಕೆಡಿಸುವ ಪಾಪಕ್ಕೆ ಸಮ.

ಇಷ್ಟು ಹೇಳಿದ ಮಾತ್ರಕ್ಕೆ ಅದು ಸ್ವರ್ಣಯುಗವಾಗಿತ್ತು ಎಂದು ಭಾವಿಸಬಾರದು. ಹಾದರ ಮಾಡಿದ ಹೆಂಗಸಿನ ಕಿವಿ ಕತ್ತರಿಸುವ ಪದ್ಧತಿ ಮಸ್ಕೋಗಿಗಳಲ್ಲೇ ಇತ್ತು. ಅವರ ಪ್ರಮುಖರಲ್ಲಿ ಕೆಲವರು ಕರಿಯ ಗುಲಾಮರನ್ನು ಇಟ್ಟುಕೊಂಡಿದ್ದರು. 1825ರ ಅದೇ ಕಟ್ಟಳೆಗಳು ಕರಿಯರ ಜೀವಕ್ಕೆ ಬೇರೆಯದೇ ಬೆಲೆ ಕಟ್ಟುತ್ತವೆ. ನೆರೆಯ ಚೆರೋಕಿಗಳು 1825ರಲ್ಲಿ ಮಾಡಿಕೊಂಡ ಕಾನೂನು ಅತ್ಯಾಚಾರಿಗೆ ಮೊದಲ ಸಲ ಐವತ್ತು ಛಡಿಯೇಟು ಮತ್ತು ಎಡಗಿವಿ ಕತ್ತರಿಸುವ ಶಿಕ್ಷೆ, ಮೂರನೆಯ ಸಲಕ್ಕೆ ಮರಣದಂಡನೆ ವಿಧಿಸಿತ್ತು. ಸುಳ್ಳು ದೂರು ಕೊಟ್ಟ ಹೆಂಗಸಿಗೂ ಛಡಿಯೇಟು ಎಂದು ಅದರಲ್ಲೇ ಸೇರಿಸಿತ್ತು. ಬಿಳಿಯರ ಕಾನೂನಿನ ಗಾಳಿ ಅಷ್ಟು ಹೊತ್ತಿಗಾಗಲೇ ಬೀಸತೊಡಗಿತ್ತು.

ಒಂದು ಮಾತು ಮಾತ್ರ ನಿಜ. ಇವು ಕಾಗದದ ಮೇಲಿನ ಕಟ್ಟಳೆಗಳಷ್ಟೇ ಆಗಿರಲಿಲ್ಲ. ಬುಡಕಟ್ಟಿನ ಒಪ್ಪಿಗೆಯಿಲ್ಲದೆ ನೆಲ ಮಾರಿದವನಿಗೆ ಮರಣದಂಡನೆ ಎಂಬ ನಿಯಮ ಮಸ್ಕೋಗಿಗಳಲ್ಲಿತ್ತು. 1825ರ ಫೆಬ್ರುವರಿಯಲ್ಲಿ ಅವರ ಮುಖಂಡ ವಿಲಿಯಂ ಮೆಕಿಂಟಾಷ್, ಅಂದರೆ ಕಟ್ಟಳೆ ಬರೆದಿಟ್ಟ ಚಿಲ್ಲಿಯ ತಂದೆ, ಅಮೆರಿಕ ಸರ್ಕಾರಕ್ಕೆ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದ. ಏಪ್ರಿಲ್ ಮುಗಿಯುವುದರೊಳಗೆ ಬುಡಕಟ್ಟಿನ ಮಂಡಳಿ ತನ್ನವರನ್ನು ಕಳಿಸಿ ಅವನಿಗೆ ಆ ಶಿಕ್ಷೆ ಜಾರಿಮಾಡಿತು. ಎಷ್ಟೇ ದೊಡ್ಡವನಾದರೂ ಹಿಡಿದು ಕೇಳುವ ಶಕ್ತಿ ಆಗ ಆ ಜನರ ಕೈಯಲ್ಲಿತ್ತು.

ಎಂಟು ಕುದುರೆ, ಒಂದು ಕಂಬಳಿ

ಆ ಶಕ್ತಿ ಕೈತಪ್ಪಿದ್ದು ಒಂದೇ ದಿನದಲ್ಲಲ್ಲ. 1830ರ ದಶಕದಲ್ಲಿ ಮಸ್ಕೋಗಿ, ಚೆರೋಕಿ ಮುಂತಾದವರನ್ನು ಸೈನ್ಯದ ಕಾವಲಿನಲ್ಲಿ ಮಿಸಿಸಿಪ್ಪಿ ನದಿಯಾಚೆಗೆ, ಇಂದಿನ ಓಕ್ಲಹಾಮಾಕ್ಕೆ, ಅಟ್ಟಲಾಯಿತು. ಆದರೂ ತಮ್ಮೊಳಗಿನ ತಂಟೆ ತಕರಾರುಗಳನ್ನು ತಾವೇ ತೀರ್ಮಾನಿಸಿಕೊಳ್ಳುವ ಹಕ್ಕು ಬುಡಕಟ್ಟುಗಳಿಗೆ ಉಳಿದಿತ್ತು. ಅದಕ್ಕೂ ಪೆಟ್ಟು ಬಿದ್ದುದು ಒಂದು ಕೊಲೆ ಪ್ರಕರಣದಿಂದ.

1881ರ ಆಗಸ್ಟ್ 5ರಂದು ಡಕೋಟಾ ಪ್ರಾಂತದ ರೋಸ್‌ಬಡ್ ಎಂಬಲ್ಲಿ ಲಕೋಟಾ ಬುಡಕಟ್ಟಿನ ಹಿರಿಯ ಮುಖಂಡ ಸ್ಪಾಟೆಡ್ ಟೇಲ್‌ನನ್ನು ಅದೇ ಬುಡಕಟ್ಟಿನ ಕ್ರೋ ಡಾಗ್ ಗುಂಡಿಟ್ಟು ಕೊಂದ. ಎರಡೂ ಕಡೆಯ ಬಂಧುಗಳನ್ನು ಕೂರಿಸಿ ಮಾತುಕತೆ ನಡೆಯಿತು. 600 ಡಾಲರ್ ಹಣ, ಎಂಟು ಕುದುರೆ, ಒಂದು ಕಂಬಳಿಯನ್ನು ಸತ್ತವನ ಮನೆಯವರಿಗೆ ಕೊಡುವುದೆಂದು ತೀರ್ಮಾನವಾಯಿತು. ಲಕೋಟಾಗಳ ಲೆಕ್ಕದಲ್ಲಿ ವ್ಯಾಜ್ಯ ಅಲ್ಲಿಗೆ ಮುಗಿದಿತ್ತು. ಒಂದು ಕೊಲೆಗೆ ಇನ್ನೊಂದು ಹೆಣ ಬೀಳದಂತೆ, ಎರಡು ಮನೆಗಳು ಮತ್ತೆ ಒಂದೇ ಊರಿನಲ್ಲಿ ಬಾಳುವಂತೆ ಮಾಡುವುದೇ ಅವರ ನ್ಯಾಯದ ಗುರಿ.

ಬಿಳಿಯರಿಗೆ ಇದು ನ್ಯಾಯವಾಗಿ ಕಾಣಲಿಲ್ಲ. ಕ್ರೋ ಡಾಗ್‌ನನ್ನು ಡೆಡ್‌ವುಡ್ ಊರಿನ ನ್ಯಾಯಾಲಯಕ್ಕೆ ಎಳೆದು ತಂದು ಗಲ್ಲುಶಿಕ್ಷೆ ವಿಧಿಸಲಾಯಿತು. 1883ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಇಂಡಿಯನ್ನನೊಬ್ಬ ತಮ್ಮದೇ ನೆಲದಲ್ಲಿ ಇನ್ನೊಬ್ಬ ಇಂಡಿಯನ್ನನ ಮೇಲೆ ಎಸಗಿದ ಅಪರಾಧವನ್ನು ವಿಚಾರಿಸುವ ಅಧಿಕಾರವನ್ನು ಸಂಸತ್ತು ಯಾರಿಗೂ ಕೊಟ್ಟಿಲ್ಲ ಎಂಬುದು ಅದರ ಅಭಿಪ್ರಾಯ. ತೀರ್ಪು ಬಂದೊಡನೆ ಗದ್ದಲವೆದ್ದಿತು. ಕೊಲೆಗಾರನಿಗೆ ಕುದುರೆ ಕಂಬಳಿಯ ದಂಡವೇ ಎಂದು ಪತ್ರಿಕೆಗಳು, ಅಧಿಕಾರಿಗಳು, ಸುಧಾರಕರು ಕೂಗಿದರು.

1885ರ ಮಾರ್ಚ್ 3ರಂದು ಅಮೆರಿಕದ ಸಂಸತ್ತು 'ಮಹಾಪರಾಧಗಳ ಕಾಯ್ದೆ' ತಂದಿತು. ಕೊಲೆ, ಮನುಷ್ಯಹತ್ಯೆ, ಅತ್ಯಾಚಾರ, ಕೊಲೆಯ ಉದ್ದೇಶದ ಹಲ್ಲೆ, ಬೆಂಕಿ ಇಡುವುದು, ಕನ್ನಗಳವು, ಕಳವು ಎಂಬ ಏಳು ಅಪರಾಧಗಳನ್ನು ಇನ್ನು ಮುಂದೆ ಸರ್ಕಾರದ ನ್ಯಾಯಾಲಯಗಳೇ ವಿಚಾರಿಸಬಹುದು ಎಂದಿತು. ಬುಡಕಟ್ಟುಗಳ ಅಧಿಕಾರ ರದ್ದಾಯಿತು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ನಡೆದದ್ದು ಮಾತ್ರ ಅದೇ. ಕ್ರೋ ಡಾಗ್ ಮಾಡಿದ ಕೊಲೆಗೂ ಅತ್ಯಾಚಾರಕ್ಕೂ ಸಂಬಂಧವಿರಲಿಲ್ಲ. ಆದರೆ ಆ ಕೊಲೆಯ ನೆಪದಲ್ಲಿ ಬಂದ ಕಾಯ್ದೆಯ ಮೂಲಕ ಅತ್ಯಾಚಾರದ ವಿಚಾರಣೆಯೂ ಊರಿನಿಂದ ದೂರದ ನ್ಯಾಯಾಲಯಕ್ಕೆ ಹೋಯಿತು. ಹೆಣ್ಣಿನ ಸೋದರಮಾವನ ಜಾಗದಲ್ಲಿ ಯಾವುದೋ ಪಟ್ಟಣದ ಸರ್ಕಾರಿ ವಕೀಲ ಬಂದ.

ನೆಲ ಹೋಯಿತು, ನೆರೆಯವರು ಬಂದರು

ಎರಡು ವರ್ಷಗಳ ನಂತರ, 1887ರಲ್ಲಿ, ಡಾಸ್ ಕಾಯ್ದೆ ಬಂತು. ಬುಡಕಟ್ಟಿನ ಸಮುದಾಯದ ನೆಲವನ್ನು ಮನೆಮನೆಗೆ ಹಂಚುವುದು, ಹಂಚಿ ಉಳಿದದ್ದನ್ನು ಹೊರಗಿನವರಿಗೆ ಬಿಡುವುದು ಅದರ ಉದ್ದೇಶ. 1887ರಲ್ಲಿ ಬುಡಕಟ್ಟುಗಳ ಕೈಯಲ್ಲಿ ಸುಮಾರು 13 ಕೋಟಿ 80 ಲಕ್ಷ ಎಕರೆ ಇತ್ತು. 1934ರ ವೇಳೆಗೆ ಉಳಿದದ್ದು ಸುಮಾರು 4 ಕೋಟಿ 80 ಲಕ್ಷ ಎಕರೆ. ತಾಯಿಯ ಕಡೆಯಿಂದ ಕುಲ ನಡೆಯುತ್ತಿದ್ದ ಜನರಲ್ಲೂ ಸರ್ಕಾರದ ದಫ್ತರಿನಲ್ಲಿ ಕುಟುಂಬದ ಯಜಮಾನ ಎಂದರೆ ಗಂಡನೇ ಆದ. ಮಕ್ಕಳನ್ನು ದೂರದ ವಸತಿ ಶಾಲೆಗಳಿಗೆ ಒಯ್ದು ಅವರ ಭಾಷೆಯನ್ನು ಬಿಡಿಸಲಾಯಿತು. ಆ ಶಾಲೆಗಳಲ್ಲಿ ನಡೆದ ಹೊಡೆತ ಬಡಿತ, ಲೈಂಗಿಕ ದೌರ್ಜನ್ಯಗಳನ್ನು ಸರ್ಕಾರವೇ 2022ರ ತನಿಖಾ ವರದಿಯಲ್ಲಿ ದಾಖಲಿಸಿದೆ.

ಈ ನೆಲದ ಕಥೆಗೂ ನಮ್ಮ ವಿಷಯಕ್ಕೂ ನೇರ ಸಂಬಂಧವಿದೆ. ಹಂಚಿ ಉಳಿದ ನೆಲಕ್ಕೆ ಹೊರಗಿನವರು ಬಂದು ನೆಲೆಸಿದ್ದರಿಂದ, ಬುಡಕಟ್ಟಿನ ಮೀಸಲು ಪ್ರದೇಶದ ಗಡಿಯೊಳಗೇ ಬುಡಕಟ್ಟಿಗೆ ಸೇರದವರು ಬಹುಸಂಖ್ಯಾತರಾದ ಜಾಗಗಳು ಹುಟ್ಟಿಕೊಂಡವು. ಮದುವೆ, ಸ್ನೇಹ, ವ್ಯಾಪಾರಗಳ ಬಳಕೆಯೂ ಬೆಳೆಯಿತು. ಹೀಗೆ ಪಕ್ಕದ ಮನೆಯಲ್ಲಿರುವ ಹೊರಗಿನವನು ಅಪರಾಧ ಮಾಡಿದರೆ ಕೇಳುವವರು ಯಾರು?

1953ರ ಇನ್ನೊಂದು ಕಾಯ್ದೆ ತೊಡಕನ್ನು ಹೆಚ್ಚಿಸಿತು. ಕ್ಯಾಲಿಫೋರ್ನಿಯಾ, ಮಿನೆಸೋಟಾ, ನೆಬ್ರಾಸ್ಕಾ, ಓರೆಗಾನ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಕೆಲವೊಂದು ಮೀಸಲು ಪ್ರದೇಶಗಳನ್ನು ಬಿಟ್ಟು ಉಳಿದೆಡೆ ಅಪರಾಧಗಳ ವಿಚಾರಣೆ ಕೇಂದ್ರದಿಂದ ಆಯಾ ರಾಜ್ಯ ಸರ್ಕಾರಗಳಿಗೆ ಹೋಯಿತು. ಮುಂದೆ ಅಲಾಸ್ಕಾವೂ ಈ ಪಟ್ಟಿಗೆ ಸೇರಿತು. ಬುಡಕಟ್ಟುಗಳ ಒಪ್ಪಿಗೆಯನ್ನು ಕೇಳಿರಲಿಲ್ಲ. ರಾಜ್ಯಗಳಿಗೆ ಹೊಸ ಹೊಣೆಗೆ ತಕ್ಕ ಹಣವನ್ನೂ ಕೊಟ್ಟಿರಲಿಲ್ಲ. 1968ರ ಮತ್ತೊಂದು ಶಾಸನ ಬುಡಕಟ್ಟಿನ ನ್ಯಾಯಾಲಯಗಳು ಆರು ತಿಂಗಳ ಸೆರೆ, 500 ಡಾಲರ್ ದಂಡಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಕೂಡದೆಂದು ಮಿತಿ ಹಾಕಿತು. 1986ರಲ್ಲಿ ಅದನ್ನು ಒಂದು ವರ್ಷ, 5,000 ಡಾಲರ್‌ಗೆ ಏರಿಸಲಾಯಿತು. ಅತ್ಯಾಚಾರದಂಥ ಅಪರಾಧಕ್ಕೆ ಒಂದು ವರ್ಷದ ಸೆರೆ!

1978ರ ಎರಡು ತೀರ್ಪುಗಳು

ವಾಷಿಂಗ್ಟನ್ ರಾಜ್ಯದ ಸಮುದ್ರ ತೀರದಲ್ಲಿ ಪೋರ್ಟ್ ಮ್ಯಾಡಿಸನ್ ಎಂಬ ಪುಟ್ಟ ಮೀಸಲು ಪ್ರದೇಶವಿದೆ. ಅದು ಸುಕ್ವಾಮಿಶ್ ಬುಡಕಟ್ಟಿನದು. 1973ರ ಆಗಸ್ಟಿನಲ್ಲಿ ಅಲ್ಲಿ ವಾರ್ಷಿಕ ಉತ್ಸವ ನಡೆಯುತ್ತಿತ್ತು. ಸಾವಿರಾರು ಜನ ಸೇರುವ ಜಾಗಕ್ಕೆ ಪೊಲೀಸರನ್ನು ಕಳಿಸಿ ಎಂದು ಬುಡಕಟ್ಟು ಜಿಲ್ಲಾಡಳಿತವನ್ನೂ ಕೇಂದ್ರದ ಇಲಾಖೆಯನ್ನೂ ಕೇಳಿಕೊಂಡಿತ್ತು. ಇಡೀ ಉತ್ಸವಕ್ಕೆ ಸಿಕ್ಕಿದ್ದು ಎಂಟು ಗಂಟೆಗಳ ಒಂದು ಪಾಳಿಗೆ ಒಬ್ಬ ಪೊಲೀಸ್. ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂಬ ಉತ್ತರ ಬಂತು. ಒಂದು ನಸುಕಿನಲ್ಲಿ ಗಲಾಟೆ ನಡೆದು, ಬುಡಕಟ್ಟಿನ ಪೊಲೀಸನ ಮೇಲೆ ಕೈಮಾಡಿದ ಆರೋಪದಲ್ಲಿ ಅಲ್ಲೇ ವಾಸವಾಗಿದ್ದ ಮಾರ್ಕ್ ಆಲಿಫಂಟ್ ಎಂಬ ಬಿಳಿಯನನ್ನು ಬುಡಕಟ್ಟಿನ ಪೊಲೀಸರು ಬಂಧಿಸಿದರು. ನನ್ನನ್ನು ವಿಚಾರಿಸುವ ಹಕ್ಕು ನಿಮಗಿಲ್ಲ ಎಂದು ಅವನು ಮೇಲಿನ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ.

1978ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ ಅವನ ವಾದವನ್ನು ಎತ್ತಿಹಿಡಿಯಿತು. ಸಂಸತ್ತು ಸ್ಪಷ್ಟವಾಗಿ ಅಧಿಕಾರ ಕೊಡದ ಹೊರತು, ಬುಡಕಟ್ಟಿಗೆ ಸೇರದವರನ್ನು ಅಪರಾಧಕ್ಕಾಗಿ ವಿಚಾರಿಸುವ ಹಕ್ಕು ಬುಡಕಟ್ಟಿನ ನ್ಯಾಯಾಲಯಕ್ಕಿಲ್ಲ ಎಂಬುದು ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ಬಹುಮತದ ತೀರ್ಪು. ಆ ಮೀಸಲು ಪ್ರದೇಶದಲ್ಲಿ ಬುಡಕಟ್ಟಿನ ಸದಸ್ಯರು ಸುಮಾರು 50 ಮಂದಿ, ಹೊರಗಿನವರು 2,928 ಮಂದಿ ಎಂಬ ಲೆಕ್ಕವನ್ನೂ ತೀರ್ಪಿನಲ್ಲಿ ಕೊಡಲಾಗಿತ್ತು. ಆ ಲೆಕ್ಕ ಹಾಗಾಗಲು ನೆಲ ಹಂಚಿಕೆಯ ಕಾಯ್ದೆಗಳೇ ಕಾರಣವಾಗಿದ್ದವು. ಮೊದಲು ನೆಲ ಹೋಯಿತು. ನೆಲ ಹೋದದ್ದೇ ಆಮೇಲೆ ಅಧಿಕಾರ ಹೋಗಲು ಆಧಾರವಾಯಿತು.

ಅದೇ ವರ್ಷ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ನ್ಯೂ ಮೆಕ್ಸಿಕೋದ ಸಾಂಟಾ ಕ್ಲಾರಾ ಪ್ವೆಬ್ಲೋ ಎಂಬ ಬುಡಕಟ್ಟು 1939ರಲ್ಲಿ ಒಂದು ನಿಯಮ ಮಾಡಿಕೊಂಡಿತ್ತು. ಬುಡಕಟ್ಟಿನ ಗಂಡಸು ಹೊರಗಿನವಳನ್ನು ಮದುವೆಯಾದರೆ ಮಕ್ಕಳು ಬುಡಕಟ್ಟಿಗೆ ಸೇರುತ್ತಾರೆ. ಹೆಂಗಸು ಹೊರಗಿನವನನ್ನು ಮದುವೆಯಾದರೆ ಸೇರುವುದಿಲ್ಲ. ಜೂಲಿಯಾ ಮಾರ್ಟಿನೆಜ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದಳು. ಇದು ಬುಡಕಟ್ಟಿನ ಒಳಗಿನ ವಿಷಯ, ಕೇಂದ್ರದ ನ್ಯಾಯಾಲಯ ಕೈಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಬುಡಕಟ್ಟಿನ ಹೆಣ್ಣು ನಿಂತ ಜಾಗ ಸ್ಪಷ್ಟವಾಗುತ್ತದೆ. ಅವಳ ಮೇಲೆ ಕೈಮಾಡಿದ ಹೊರಗಿನವನನ್ನು ಅವಳ ಜನ ವಿಚಾರಿಸುವಂತಿಲ್ಲ. ಅವಳ ಜನವೇ ಅವಳಿಗೆ ಭೇದ ಮಾಡಿದರೆ ಹೊರಗಿನ ನ್ಯಾಯಾಲಯ ಕೇಳುವಂತಿಲ್ಲ. ಬುಡಕಟ್ಟಿನ ಸ್ವಾಯತ್ತತೆ ಅವಳನ್ನು ರಕ್ಷಿಸಬೇಕಾದ ಕಡೆ ಇರಲಿಲ್ಲ; ಅವಳಿಗೆ ಅಡ್ಡಬರುವ ಕಡೆ ಇತ್ತು.

ದೂರದ ಕಚೇರಿ

ಮೀಸಲು ಪ್ರದೇಶದಲ್ಲಿ ಒಂದು ಅತ್ಯಾಚಾರ ನಡೆಯಿತೆಂದು ಇಟ್ಟುಕೊಳ್ಳೋಣ. ಪೊಲೀಸರು ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಮಾಡಿದವನು ಬುಡಕಟ್ಟಿನವನೋ ಅಲ್ಲವೋ? ನೊಂದವಳು ಬುಡಕಟ್ಟಿನವಳೋ ಅಲ್ಲವೋ? ಘಟನೆ ನಡೆದ ನೆಲ ಕಾನೂನಿನ ಪ್ರಕಾರ ಯಾರ ವ್ಯಾಪ್ತಿಗೆ ಸೇರಿದ್ದು? ಉತ್ತರಕ್ಕೆ ತಕ್ಕಂತೆ ಪ್ರಕರಣ ಬುಡಕಟ್ಟಿಗೋ, ರಾಜ್ಯಕ್ಕೋ, ಕೇಂದ್ರಕ್ಕೋ ಹೋಗುತ್ತದೆ. ಹಳ್ಳಿಯ ಒಂದು ಪಕ್ಕದ ಹೊಲ ಒಬ್ಬರ ವ್ಯಾಪ್ತಿ, ಬೇಲಿಯಾಚೆಯದು ಇನ್ನೊಬ್ಬರ ವ್ಯಾಪ್ತಿಯಾಗುವುದೂ ಉಂಟು. ಇದು ಇತ್ಯರ್ಥವಾಗುವ ಹೊತ್ತಿಗೆ ಸಾಕ್ಷ್ಯ ಅಳಿಸಿಹೋಗುತ್ತದೆ.

ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2007ರಲ್ಲಿ ಹೊರತಂದ ವರದಿಯಲ್ಲಿ ಸ್ಟ್ಯಾಂಡಿಂಗ್ ರಾಕ್ ಮೀಸಲು ಪ್ರದೇಶದ ಉದಾಹರಣೆಯಿದೆ. 23 ಲಕ್ಷ ಎಕರೆ ವಿಸ್ತಾರದ ಆ ಪ್ರದೇಶದ ಗಸ್ತಿಗೆ 2006ರಲ್ಲಿ ಇದ್ದವರು ಆರೇಳು ಪೊಲೀಸರು. ದೂರು ಕೊಟ್ಟವಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಹತ್ತಿರದ ಆಸ್ಪತ್ರೆಗಳಲ್ಲಿ ಅತ್ಯಾಚಾರದ ವೈದ್ಯಕೀಯ ಪರೀಕ್ಷೆ ಮಾಡಬಲ್ಲ ತರಬೇತಾದ ದಾದಿಯರು ಇಲ್ಲದ ಕಡೆಗಳೂ ಇದ್ದವು.

ತನಿಖೆ ಮುಗಿದು ಕಡತ ಕೇಂದ್ರದ ಸರ್ಕಾರಿ ವಕೀಲರ ಮೇಜಿಗೆ ತಲುಪಿದರೂ ಗತಿಯೇನು? ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2010ರಲ್ಲಿ ಇದನ್ನು ಪರಿಶೀಲಿಸಿತು. 2005ರಿಂದ 2009ರವರೆಗಿನ ಐದು ವರ್ಷಗಳಲ್ಲಿ ಬುಡಕಟ್ಟು ಪ್ರದೇಶಗಳಿಂದ ಬಂದ ಲೈಂಗಿಕ ದೌರ್ಜನ್ಯ ಮತ್ತು ಸಂಬಂಧಿತ ಪ್ರಕರಣಗಳಲ್ಲಿ ಶೇ 67ರಷ್ಟನ್ನು ಆ ವಕೀಲರು ನ್ಯಾಯಾಲಯಕ್ಕೆ ಒಯ್ಯಲೇ ಇಲ್ಲ. ಸಾಕ್ಷ್ಯ ಸಾಲದು ಎಂಬುದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು. ಅವರ ಮಾತು ಸುಳ್ಳಿರಲಾರದು. ಪೊಲೀಸ್ ತಡವಾಗಿ ಬಂದು, ವೈದ್ಯಕೀಯ ಪರೀಕ್ಷೆಯಾಗದೆ, ವಿಚಾರಣೆ ನೂರಾರು ಮೈಲಿ ಆಚೆ ನಡೆಯುವಾಗ ಸಾಕ್ಷ್ಯ ಉಳಿಯುವುದಾದರೂ ಹೇಗೆ?

2016ರ ಅಧ್ಯಯನದ ಇನ್ನೊಂದು ಅಂಶವನ್ನು ಇಲ್ಲಿ ನೆನೆಯಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮೂಲನಿವಾಸಿ ಮಹಿಳೆಯರಲ್ಲಿ ಶೇ 96 ಮಂದಿ, ತಮ್ಮ ಮೇಲೆ ದೌರ್ಜನ್ಯ ಎಸಗಿದವರಲ್ಲಿ ಒಬ್ಬನಾದರೂ ಬೇರೆ ಜನಾಂಗದವನು ಎಂದು ತಿಳಿಸಿದ್ದರು. ಅಂದರೆ 1978ರ ತೀರ್ಪು ಯಾರನ್ನು ಬುಡಕಟ್ಟಿನ ಕೈಗೆ ಸಿಗದಂತೆ ಮಾಡಿತ್ತೋ ಅಂಥವರೇ ಅವರಲ್ಲಿ ಹೆಚ್ಚು.

ಮರಳಿ ಬಂದ ಅಧಿಕಾರ

ಈ ಗೋಡೆಯಲ್ಲಿ ಬಿರುಕು ಮೂಡಿಸಿದ್ದು ಬುಡಕಟ್ಟಿನ ಮಹಿಳೆಯರ ಹೋರಾಟ. 2010ರ ಕಾಯ್ದೆಯೊಂದು, ಕೆಲವು ಷರತ್ತುಗಳನ್ನು ಪೂರೈಸಿದ ಬುಡಕಟ್ಟು ನ್ಯಾಯಾಲಯಗಳಿಗೆ ಅಪರಾಧವೊಂದಕ್ಕೆ ಮೂರು ವರ್ಷದವರೆಗೆ ಸೆರೆ ವಿಧಿಸುವ ಅಧಿಕಾರ ಕೊಟ್ಟಿತು. ಹೊರಗಿನವರನ್ನು ವಿಚಾರಿಸುವ ಪ್ರಶ್ನೆ ಎದ್ದದ್ದು ಆಮೇಲೆ. ಮಹಿಳೆಯರ ಮೇಲಿನ ದೌರ್ಜನ್ಯ ತಡೆಗೆಂದು 1994ರಲ್ಲಿ ಬಂದಿದ್ದ ಕಾಯ್ದೆಯನ್ನು 2012ರಲ್ಲಿ ನವೀಕರಿಸಬೇಕಾಗಿತ್ತು. ಬುಡಕಟ್ಟಿನ ಅಧಿಕಾರದ ವಿಷಯವನ್ನು ಅದರಿಂದ ಬಿಟ್ಟುಬಿಡಬಹುದೆಂಬ ಸುದ್ದಿ ಬಂದಾಗ, ವಾಷಿಂಗ್ಟನ್ ರಾಜ್ಯದ ಟುಲಾಲಿಪ್ ಬುಡಕಟ್ಟಿನ ಉಪಾಧ್ಯಕ್ಷೆ ಡೆಬೋರಾ ಪಾರ್ಕರ್ ಸಂಸತ್ತಿನ ಆವರಣದಲ್ಲೇ ಪತ್ರಕರ್ತರ ಮುಂದೆ ಬಾಲ್ಯದಲ್ಲಿ ತಾನು ಅನುಭವಿಸಿದ ದೌರ್ಜನ್ಯವನ್ನು ಹೇಳಿಕೊಂಡರು.

ವಿರೋಧಿಸಿದವರ ವಾದದಲ್ಲೂ ಹುರುಳಿಲ್ಲದಿರಲಿಲ್ಲ. ಬುಡಕಟ್ಟಿನ ಆಡಳಿತದಲ್ಲಿ ಮತ ಹಾಕಲಾಗದವನನ್ನು ಅದರ ನ್ಯಾಯಾಲಯ ಶಿಕ್ಷಿಸುವುದು ಸರಿಯೇ? ಅವನಿಗೆ ಅಲ್ಲಿ ಪಕ್ಷಪಾತವಿಲ್ಲದ ವಿಚಾರಣೆ ಸಿಗುವುದೇ? ಇದಕ್ಕೆ ಕಾಯ್ದೆಯೊಳಗೇ ಉತ್ತರ ಕಂಡುಕೊಳ್ಳಲಾಯಿತು. ಬಡ ಆರೋಪಿಗೆ ಬುಡಕಟ್ಟಿನ ಖರ್ಚಿನಲ್ಲೇ ವಕೀಲ, ಕಾನೂನು ಓದಿದ ನ್ಯಾಯಾಧೀಶ, ಹೊರಗಿನವರಿಗೂ ಸ್ಥಾನವಿರುವ ಜ್ಯೂರಿ, ಬಂಧನವನ್ನು ಕೇಂದ್ರದ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು, ಇಷ್ಟೂ ಇರಬೇಕು. 2013ರ ಫೆಬ್ರುವರಿ 28ರಂದು ಕೆಳಮನೆ 286-138 ಮತಗಳಿಂದ ಕಾಯ್ದೆಯನ್ನು ಒಪ್ಪಿತು; ಮಾರ್ಚ್ 7ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಪಾಸ್ಕುವಾ ಯಾಕಿ, ಟುಲಾಲಿಪ್, ಉಮಟಿಲ್ಲಾ ಎಂಬ ಮೂರು ಬುಡಕಟ್ಟುಗಳು ಪ್ರಾಯೋಗಿಕವಾಗಿ ಈ ಅಧಿಕಾರ ಚಲಾಯಿಸತೊಡಗಿದವು.

ಮೊದಲ ಐದು ವರ್ಷಗಳ ಲೆಕ್ಕವನ್ನು ಅಮೆರಿಕದ ಇಂಡಿಯನ್ನರ ರಾಷ್ಟ್ರೀಯ ಕಾಂಗ್ರೆಸ್ 2018ರಲ್ಲಿ ಪ್ರಕಟಿಸಿತು. 18 ಬುಡಕಟ್ಟುಗಳಲ್ಲಿ 143 ಬಂಧನಗಳಾಗಿದ್ದವು. 74 ಪ್ರಕರಣಗಳಲ್ಲಿ ಶಿಕ್ಷೆ, 5ರಲ್ಲಿ ಖುಲಾಸೆ. ಆರೋಪ ಬಂದವರೆಲ್ಲ ಕಣ್ಣುಮುಚ್ಚಿ ಶಿಕ್ಷೆಗೆ ಗುರಿಯಾಗುತ್ತಾರೆ ಎಂಬ ಭಯಕ್ಕೆ ಈ ಅಂಕಿಗಳು ಪುಷ್ಟಿ ಕೊಡಲಿಲ್ಲ.

ಆದರೆ 2013ರ ಕಾಯ್ದೆಯಲ್ಲಿ ದೊಡ್ಡದೊಂದು ಕೊರತೆ ಉಳಿದಿತ್ತು. ಗಂಡ, ಸಂಗಾತಿ, ಪ್ರಿಯಕರ ಮಾಡಿದ ಹಿಂಸೆ ಮತ್ತು ರಕ್ಷಣಾ ಆದೇಶದ ಉಲ್ಲಂಘನೆಗಷ್ಟೇ ಅದು ಅನ್ವಯಿಸುತ್ತಿತ್ತು. ಅಪರಿಚಿತನೋ ಬರೀ ಪರಿಚಯದವನೋ ಅತ್ಯಾಚಾರ ಮಾಡಿದರೆ ಬುಡಕಟ್ಟು ಮೊದಲಿನಂತೆಯೇ ಕೈಕಟ್ಟಿ ಕೂರಬೇಕಿತ್ತು. ಹೆಂಡತಿಯನ್ನು ಹೊಡೆದವನ ಮೇಲೆ ಮೊಕದ್ದಮೆ ಹೂಡಬಹುದು; ಅಡ್ಡಬಂದ ಮಗುವನ್ನೂ ಹೊಡೆದಿದ್ದರೆ ಆ ಭಾಗವನ್ನು ಬಿಡಬೇಕು. 2022ರ ಮಾರ್ಚ್ 15ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಕಾಯ್ದೆ ಈ ಕೊರತೆಯನ್ನು ತುಂಬಿತು. ಲೈಂಗಿಕ ದೌರ್ಜನ್ಯ, ಹೆಣ್ಣುಗಳ ಸಾಗಣೆ, ಬೆನ್ನುಹತ್ತಿ ಕಾಡುವುದು, ಮಕ್ಕಳ ಮೇಲಿನ ಹಿಂಸೆ, ಬುಡಕಟ್ಟಿನ ಪೊಲೀಸರ ಮೇಲಿನ ಹಲ್ಲೆ ಎಲ್ಲವೂ ಈಗ ಅಧಿಕಾರದ ಒಳಗೆ ಬಂದಿವೆ. ಆಲಿಫಂಟ್ ಪ್ರಕರಣ ಹುಟ್ಟಿದ್ದೇ ಪೊಲೀಸನ ಮೇಲಿನ ಹಲ್ಲೆಯಿಂದ ಎಂಬುದನ್ನು ಮರೆಯುವಂತಿಲ್ಲ.

ಸಂಪ್ರದಾಯವೊಂದೇ ಸಾಲದು

ಅಧಿಕಾರ ಮರಳಿದೆ ಎಂದ ಮಾತ್ರಕ್ಕೆ ಹಳೆಯ ಪದ್ಧತಿಯನ್ನೇ ಹಾಗೆಹಾಗೇ ಎತ್ತಿ ತಂದರೆ ಸಾಕೇ? ಈ ಪ್ರಶ್ನೆಗೆ ಬುಡಕಟ್ಟುಗಳ ಒಳಗೇ ಚರ್ಚೆ ನಡೆದಿದೆ. ನವಾಹೊ ಜನ 1982ರಲ್ಲಿ ತಮ್ಮ ಹಳೆಯ ರಾಜಿ ಪದ್ಧತಿಯನ್ನು ನ್ಯಾಯಾಲಯದ ಅಂಗವಾಗಿ ಪುನರುಜ್ಜೀವಗೊಳಿಸಿದರು. ಹಿರಿಯರೊಬ್ಬರ ಸಮ್ಮುಖದಲ್ಲಿ ಎರಡೂ ಕಡೆಯವರು ಬಂಧುಗಳ ಜೊತೆ ಕುಳಿತು ಮಾತಾಡಿ, ತಪ್ಪಿತಸ್ಥನಿಂದ ಪರಿಹಾರ ಕೊಡಿಸಿ, ಕೆಟ್ಟ ಸಂಬಂಧವನ್ನು ಸರಿಪಡಿಸುವ ಪದ್ಧತಿ ಅದು. ನಮ್ಮ ಊರ ಪಂಚಾಯ್ತಿ ಕಟ್ಟೆಯನ್ನು ಬಲ್ಲವರಿಗೆ ಇದರ ಗುಣವೂ ಗೊತ್ತು, ಅಪಾಯವೂ ಗೊತ್ತು. ಗಡಿಜಗಳಕ್ಕೆ, ಸಾಲದ ತಂಟೆಗೆ ಇಂಥ ಕಟ್ಟೆ ಒಳ್ಳೆಯದು. ಹೊಡೆತ ತಿಂದ ಹೆಣ್ಣನ್ನು ಹೊಡೆದವನ ಎದುರು ಕೂರಿಸಿ 'ಹೊಂದಿಕೊಂಡು ಹೋಗಿ' ಎಂದರೆ ಅದು ನ್ಯಾಯವಾಗುವುದಿಲ್ಲ.

ಮಸ್ಕೋಗಿ ಬುಡಕಟ್ಟಿಗೇ ಸೇರಿದ ಕಾನೂನು ಪಂಡಿತೆ ಸಾರಾ ಡೀರ್ ಈ ಅಪಾಯವನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. 2015ರಲ್ಲಿ ಬಂದ ಅವರ ಪುಸ್ತಕ ಈ ವಿಷಯದ ಮುಖ್ಯ ಗ್ರಂಥಗಳಲ್ಲೊಂದು. ಅತ್ಯಾಚಾರದಂಥ ಅಪರಾಧವನ್ನು ರಾಜಿಗೆ ಒಪ್ಪಿಸುವುದನ್ನು ಅವರು ಒಪ್ಪುವುದಿಲ್ಲ. ಅದೇ ಸಮಯಕ್ಕೆ, ಬುಡಕಟ್ಟಿನ ಕೈಗೆ ಅಧಿಕಾರ ಮರಳದೆ ಅಲ್ಲಿನ ಹೆಣ್ಣಿಗೆ ರಕ್ಷಣೆಯಿಲ್ಲ ಎಂದೂ ವಾದಿಸುತ್ತಾರೆ. 1825ರ ಆ ಕಲಮನ್ನು ಇಂದಿನ ಚರ್ಚೆಯ ನಡುವೆ ತಂದು ನಿಲ್ಲಿಸಿದವರಲ್ಲಿ ಅವರು ಪ್ರಮುಖರು. ಆ ಕಲಮಿನಲ್ಲಿ ರಾಜಿಯ ಮಾತಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಹಿರಿಯರು ಕೂತು ಸಮಾಧಾನ ಮಾಡಬೇಕೆಂದು ಅದು ಹೇಳುವುದಿಲ್ಲ; ಹೆಣ್ಣಿಗೆ ಸಮಾಧಾನವಾಗಬೇಕೆಂದು ಹೇಳುತ್ತದೆ. ಸಂಪ್ರದಾಯದಿಂದ ಆರಿಸಿಕೊಳ್ಳುವುದಾದರೆ ಆರಿಸಿಕೊಳ್ಳಬೇಕಾದದ್ದು ಛಡಿಯನ್ನಲ್ಲ, ಅವಳನ್ನು ಕೇಳುವ ಆ ಪದ್ಧತಿಯನ್ನು.

ಕೆಲಸ ಇನ್ನೂ ಬೇಕಾದಷ್ಟು ಉಳಿದಿದೆ. ಹೊಸ ಅಧಿಕಾರ ತಾನಾಗಿ ಬರುವಂಥದಲ್ಲ. ಕಾಯ್ದೆಯ ಷರತ್ತುಗಳನ್ನು ಪೂರೈಸಿದ ಬುಡಕಟ್ಟುಗಳಿಗೆ ಮಾತ್ರ ಸಿಗುತ್ತದೆ. ವಕೀಲರು, ನ್ಯಾಯಾಧೀಶರು, ಸೆರೆಮನೆ ಎಲ್ಲಕ್ಕೂ ಹಣ ಬೇಕು. ಚಿಕ್ಕ ಬುಡಕಟ್ಟುಗಳ ಕೈಯಲ್ಲಿ ಅದಿಲ್ಲ. ಅಲಾಸ್ಕಾದಲ್ಲಿ 1998ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಬಹುತೇಕ ಮೂಲನಿವಾಸಿ ಹಳ್ಳಿಗಳಿಗೆ 'ಬುಡಕಟ್ಟಿನ ನೆಲ' ಎಂಬ ಕಾನೂನಿನ ಸ್ಥಾನವೇ ಇಲ್ಲ. ವಿಮಾನ ಅಥವಾ ದೋಣಿಯಲ್ಲದೆ ತಲುಪಲಾಗದ ಆ ಹಳ್ಳಿಗಳಲ್ಲಿ ಕೆಲವಕ್ಕಾದರೂ ಅಧಿಕಾರ ಕೊಡುವ ಪ್ರಾಯೋಗಿಕ ಯೋಜನೆ 2022ರ ಕಾಯ್ದೆಯಲ್ಲಿ ಸೇರಿದೆ. ಅದೇ 2022ರ ಜೂನ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಬುಡಕಟ್ಟಿನ ನೆಲದಲ್ಲಿ ಹೊರಗಿನವರು ಬುಡಕಟ್ಟಿನವರ ಮೇಲೆ ಎಸಗುವ ಅಪರಾಧಗಳನ್ನು ರಾಜ್ಯ ಸರ್ಕಾರಗಳೂ ವಿಚಾರಿಸಬಹುದೆಂದು ತೀರ್ಪಿತ್ತಿತು. ಕೇಳುವವರ ಸಂಖ್ಯೆ ಹೆಚ್ಚಿತು ಎಂದು ಕೆಲವರು ಇದನ್ನು ಸ್ವಾಗತಿಸಿದರು. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲ ಎಂಬ ಹಳೆಯ ಅನುಭವವನ್ನು ಉಳಿದವರು ನೆನಪಿಸಿದರು.

ಸ್ಟ್ಯಾಂಡಿಂಗ್ ರಾಕ್‌ನ ಒಂದು ಹಳ್ಳಿಯಲ್ಲಿ ಇಂದು ರಾತ್ರಿ ಒಬ್ಬಳು ದೂರು ಕೊಟ್ಟರೆ, ಎಷ್ಟು ಹೊತ್ತಿಗೆ ಯಾರು ಬಂದು ಅವಳ ಮಾತು ಕೇಳುತ್ತಾರೆ ಎಂಬುದರ ಮೇಲೆ ಈ ಕಾಯ್ದೆಗಳ ಬೆಲೆ ನಿಂತಿದೆ.